‘ಗಣ’ ಶಬ್ದದ ಅರ್ಥವ್ಯಾಪ್ತಿ

ಒಂದೇ ಶಬ್ದವು ಶಾಸ್ತ್ರದಿಂದ ಶಾಸ್ತ್ರಕ್ಕೆ ಸಾಗಿದಂತೆ ಬೇರೆ ಬೇರೆ ಅರ್ಥಗಳನ್ನು ತಾಳುವುದು ವಿದ್ವಾಂಸರಿಗೆ ವಿದಿತವಾದ ವಿಷಯವೇ ಆಗಿದೆ. ಆದರೆ ಒಂದು ಶಾಸ್ತ್ರದ ಅರ್ಥವನ್ನು ಇನ್ನೊಂದಕ್ಕೆ ಆರೋಪಿಸಿದರೆ ಇತಿಹಾಸವೇ ಬೇರೆಯಾಗಿ ತೋರುವುದುಂಟು. ‘ಗಣ’ ಶಬ್ದವು ಇದಕ್ಕೆ ತಕ್ಕ ನಿದರ್ಶನವು.

ಗಣನೆ, ಗಣಿತ, ಗಣಕ ಎಂಬಿವು ಈ ಶಬ್ದದ ಬಳಗಕ್ಕೆ ಸೇರಿದವು. ಎಣಿಕೆ, ಸಮೂಹ ಎಂಬ ಎರಡು ಭಾವನೆಗಳೂ ಇದರಲ್ಲಿ ಅಡಗಿವೆ. ವೈಯಾಕರಣರು ಸಂಸ್ಕೃತ ಧಾತುಗಳನ್ನು 10 ಗಣಗಳಾಗಿ ವಿಂಗಡಿಸಿದರು. ಜ್ಯೋತಿಷಿಗಳು 27 ನಕ್ಷತ್ರಗಳನ್ನು ದೇವ, ಮನುಷ್ಯ, ರಾಕ್ಷಸಗಳೆಂಬ ಮೂರು ಗಣಗಳಿಗೆ ಒಂಬತ್ತೊಂಬತ್ತರಂತೆ ಹಂಚಿದರು. ವರ್ಣವೃತ್ತಗಳಲ್ಲಿ ಮೂರು ಮೂರು ಅಕ್ಷರಗಳ ಗಣಗಳು 8. ಕನ್ನಡದ ತ್ರಿಪದಿ, ಸಾಂಗತ್ಯಗಳಿಗೆ ಆಧಾರವಾದ ಬ್ರಹ್ಮ, ವಿಷ್ಣು, ರುದ್ರಗಣಗಳ ರೀತಿಯೇ ಬೇರೆ; ಅವುಗಳಲ್ಲಿ ಅಕ್ಷರಸಂಖ್ಯೆಯಾಗಲಿ ಮಾತ್ರಾಸಂಖ್ಯೆಯಾಗಲಿ ಸ್ಥಿರವಲ್ಲ. ಆದುದರಿಂದ ಛಂದಸ್ಸೆಂಬ ಒಂದೇ ಶಾಸ್ತ್ರದೊಳಗೂ ಈ ಶಬ್ದಕ್ಕೆ ಏಕರೂಪತೆಯಿಲ್ಲ.

ಧರ್ಮಕ್ಷೇತ್ರಕ್ಕೆ ಬಂದರೆ, ಶೈವರಲ್ಲಿ ಗಣವೆಂದರೆ ಶಿವನ ಪರಿವಾರವು. ಶರಣರನ್ನೂ ಗಣಂಗಳೆಂದು ಗೌರವಿಸುವುದುಂಟು. ಶ್ರವಣಬೆಳಗೊಳದ ಜೈನಶಾಸನಗಳಲ್ಲಾದರೋ ಮೂಲಸಂಘ, ದೇಶಿಯಗಣ, ಪುಸ್ತಕಗಚ್ಛ ಎಂಬ ಕ್ರಮವು ಕಾಣುತ್ತದೆ. ಇಲ್ಲಿ ಗಣವು ಸಂಘದ ಒಳಗಿನ ಮುನಿಪರಂಪರೆಯ ಒಂದು ವಿಭಾಗವು. ಬರಿಯ ಗುಂಪೆಂದು ತಿಳಿದರೆ ಗುರುಪರಂಪರೆಯ ನಿರ್ಣಯವೇ ಕೆಡುತ್ತದೆ.

ರಾಜಕೀಯ ಇತಿಹಾಸದಲ್ಲಿ ತೊಡಕು ಇನ್ನೂ ಹೆಚ್ಚಿನದು. ಮಾಲವಶಕ 493ನ್ನು, ಎಂದರೆ ಸುಮಾರು ಕ್ರಿ. ಶ. 436ನ್ನು, ಹೇಳುವ ಮಂದಸೋರ್ ಶಾಸನದಲ್ಲಿ ಕಾಲನಿರ್ದೇಶಕ್ಕೆ ‘ಗಣಸ್ಥಿತಿ’ ಎಂಬ ಪದವು ಬಂದಿದೆ. ಮಾಲವರ ಗಣವ್ಯವಸ್ಥೆಯೆಂಬುದು ಒಂದು ವ್ಯಾಖ್ಯಾನ. ಮಾಲವರ ಕಾಲಗಣನೆಯೆಂಬುದು ಇನ್ನೊಂದು. ಮೊದಲನೆಯದನ್ನು ಒಪ್ಪಿದರೆ ಅದು ರಾಜ್ಯಪದ್ಧತಿಗೆ ಸಾಕ್ಷಿಯಾಗುತ್ತದೆ. ಎರಡನೆಯದನ್ನು ಒಪ್ಪಿದರೆ ಪಂಚಾಂಗದ ಮಾತು ಮಾತ್ರ. ಹಾಗೆಂದು ಪ್ರಾಚೀನ ಗಣರಾಜ್ಯಗಳ ಅಸ್ತಿತ್ವವನ್ನೇ ಸಂದೇಹಿಸಬೇಕಾಗಿಲ್ಲ. ಯೌಧೇಯರ ನಾಣ್ಯಗಳು ಯೌಧೇಯಗಣಕ್ಕೆ ಜಯವನ್ನು ಹಾರೈಸುತ್ತವೆ. ಅಲ್ಲಿ ಎಣಿಕೆಯ ಅರ್ಥವು ಸಲ್ಲದು. ಆ ನಾಣ್ಯಗಳ ಸಾಕ್ಷ್ಯವು ಮಂದಸೋರಿನ ಪಾಠವನ್ನು ಅವಲಂಬಿಸಿಲ್ಲವೆಂಬುದನ್ನು ಗಮನಿಸಬೇಕು.

1950ನೆಯ ಜನವರಿ 26ರಂದು ಭಾರತವು ಗಣರಾಜ್ಯವಾದ ಮೇಲೆ ಈ ಶಬ್ದದ ರಾಜಕೀಯಾರ್ಥವು ಎಲ್ಲರ ಬಾಯಲ್ಲಿಯೂ ನೆಲೆಸಿತು. ಈ ಪರಿಚಿತಾರ್ಥವೇ ಹಳೆಯ ಶಾಸನಗಳನ್ನು ಓದುವವನನ್ನು ದಾರಿತಪ್ಪಿಸಬಲ್ಲದು. ಶಬ್ದವು ಯಾವ ಸಾಲಿನಲ್ಲಿ, ಯಾವ ಶಾಸ್ತ್ರದಲ್ಲಿ, ಯಾರ ಪ್ರಯೋಗದಲ್ಲಿ ಬಂದಿದೆಯೆಂಬುದನ್ನು ಮೊದಲು ನಿಶ್ಚಯಿಸಿ, ಅನಂತರವೇ ಅದರಿಂದ ಇತಿಹಾಸವನ್ನು ಎತ್ತುವುದು ಯುಕ್ತವು.