ಮೊದಲು ಹಲ್ಲೋ, ಕಲ್ಲೋ?

ಚಿರತೆ ಹಿಡಿದ ದನಕ್ಕೆ ಪರಿಹಾರ ಸಿಗಬೇಕಾದರೆ ಪಶುವೈದ್ಯರ ಮರಣೋತ್ತರ ವರದಿ ಬೇಕು. ನೌಕರಿಯಲ್ಲಿದ್ದಷ್ಟು ಕಾಲ ಅಂಥ ವರದಿ ಬರೆದವನು ನಾನು. ಮೊದಲು ಗಂಟಲಿನ ಚರ್ಮ ಬಿಡಿಸಿ ನೋಡುತ್ತೇವೆ. ಕೋರೆಹಲ್ಲು ಇಳಿದ ತೂತಿನ ಸುತ್ತ ರಕ್ತ ಕಪ್ಪಗೆ ಹೆಪ್ಪುಗಟ್ಟಿದ್ದರೆ ದನಕ್ಕೆ ಜೀವವಿದ್ದಾಗಲೇ ಬಾಯಿ ಬಿದ್ದಿದೆ ಎಂದರ್ಥ. ಹಲ್ಲಿನ ಗುರುತಿದ್ದೂ ರಕ್ತ ಕಟ್ಟಿರದಿದ್ದರೆ ದನ ಸತ್ತದ್ದು ಬೇರೆ ಕಾರಣಕ್ಕೆ, ತಿಂದವರು ಆಮೇಲೆ ಬಂದವರು. ಕೊಂದವರು ಯಾರು, ತಿಂದವರು ಯಾರು, ಮೊದಲು ಬಂದವರು ಯಾರು? ಆದಿಮಾನವನಿಗೆ ಮಾಂಸ ಸಿಕ್ಕಿದ್ದು ಹೇಗೆ ಎಂಬ ದೊಡ್ಡ ವಾದವೂ ನಿಂತಿರುವುದು ಈ ಮೂರು ಪ್ರಶ್ನೆಗಳ ಮೇಲೆಯೇ. ಅಲ್ಲಿ ಚರ್ಮವೂ ಇಲ್ಲ, ರಕ್ತವೂ ಇಲ್ಲ, ಮೂಳೆಯೊಂದೇ ಸಾಕ್ಷಿ.

ದಕ್ಷಿಣ ಆಫ್ರಿಕಾದ ಗುಹೆಗಳಲ್ಲಿ ರಾಶಿ ರಾಶಿ ಮೂಳೆ ಸಿಕ್ಕಾಗ ರೇಮಂಡ್ ಡಾರ್ಟ್ ಅವುಗಳಲ್ಲಿ ಕೊಲೆಗಡುಕ ಪೂರ್ವಜರನ್ನು ಕಂಡರು. ಮೂಳೆಯನ್ನೇ ಗದೆ ಮಾಡಿಕೊಂಡು ಬೇಟೆಯಾಡಿದವರು ಇವರು ಎಂದರು. ಸ್ವಾರ್ಟ್‌ಕ್ರಾನ್ಸ್ ಗುಹೆಯನ್ನು ವರ್ಷಗಟ್ಟಲೆ ಅಗೆದ ಸಿ. ಕೆ. ಬ್ರೇನ್‌ಗೆ ಬೇರೆಯೇ ಕಥೆ ಸಿಕ್ಕಿತು. ನಮ್ಮ ದಾಯಾದಿ ಪರಾಂತ್ರೋಪಸ್‌ನ ಒಂದು ಮಗುವಿನ ತಲೆಬುರುಡೆಯಲ್ಲಿ ಎರಡು ತೂತುಗಳಿದ್ದವು. ಅದೇ ಗುಹೆಯ ಚಿರತೆಯೊಂದರ ಕೆಳದವಡೆ ಹಿಡಿದು ನೋಡಿದರೆ ಎರಡೂ ಕೋರೆಗಳು ಆ ತೂತುಗಳ ಅಂತರಕ್ಕೆ ಸರಿಯಾಗಿ ಹೊಂದಿದವು. ಗುಹೆಯ ಬಾಯಲ್ಲಿ ಬೆಳೆದ ಮರದ ಮೇಲೆ ಚಿರತೆ ಉಂಡಿರಬೇಕು, ಉಳಿದ ಮೂಳೆ ಕೆಳಗೆ ಬಿದ್ದಿರಬೇಕು ಎಂದು ಬ್ರೇನ್ ವಿವರಿಸಿದರು. ಬೇಟೆಗಾರರೆಂದು ನಾವು ಬೀಗಿದವರು ಅಲ್ಲಿ ಬೇಟೆಯಾಗಿದ್ದರು.

ಇನ್ನು ಟಾಂಜಾನಿಯಾದ ಓಲ್ಡುವಾಯ್ ಕಣಿವೆ. 1959ರ ಜುಲೈಯಲ್ಲಿ, ಗಂಡ ಲೂಯಿ ಲೀಕಿ ಜ್ವರದಿಂದ ಡೇರೆಯಲ್ಲಿ ಮಲಗಿದ್ದಾಗ, ಮೇರಿ ಲೀಕಿ ಆದಿಮಾನವ ಕುಲದ ಒಂದು ತಲೆಬುರುಡೆ ಕಂಡರು. ಸುಮಾರು 18.4 ಲಕ್ಷ ವರ್ಷ ಹಳೆಯ ಆ ನೆಲವನ್ನು ಅಗೆದಾಗ ಸುಮಾರು 2,500 ಕಲ್ಲಿನ ಉಪಕರಣಗಳೂ ಸಾವಿರಾರು ಮೂಳೆಗಳೂ ಹೊರಬಂದವು. ಆ ಮೂಳೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟ ಫಲ ಪ್ರಕಟವಾದದ್ದು 1981ರಲ್ಲಿ. ಕಲ್ಲಿನ ಚಕ್ಕೆ ಎಳೆದ ಗೀರು ಕಿರಿದು, ಆಳ. ಅದರೊಳಗೆ ಒಂದರ ಪಕ್ಕ ಒಂದು ಸಣ್ಣ ಎಳೆಗಳಿರುತ್ತವೆ. ಹಲ್ಲಿನ ಗುರುತು ಅಗಲ, ಅದರ ತಳ ದುಂಡು. ಪ್ಯಾಟ್ ಶಿಪ್‌ಮನ್ ಮತ್ತು ರಿಚರ್ಡ್ ಪಾಟ್ಸ್ ಎರಡೂ ಒಂದರ ಮೇಲೊಂದು ಬಿದ್ದ ಮೂಳೆಗಳನ್ನು ಹುಡುಕಿದರು. ಕೆಲವದರಲ್ಲಿ ಹಲ್ಲು ಮೊದಲು, ಕೆಲವದರಲ್ಲಿ ಕಲ್ಲು ಮೊದಲು!

ಜಗಳ ಹತ್ತಿಕೊಂಡಿತು. ಸಿಂಹ ಬಿಟ್ಟ ಎಂಜಲನ್ನು ಕೆರೆದುಕೊಂಡವರು ಈ ಆದಿಮಾನವರು ಎಂದರು ಲೂಯಿಸ್ ಬಿನ್‌ಫರ್ಡ್. ರಾಬರ್ಟ್ ಬ್ಲುಮೆನ್‌ಶೈನ್ ಸೆರೆಂಗೆಟಿಗೇ ಹೋಗಿ ಸತ್ತ ಪ್ರಾಣಿಗಳ ಪಕ್ಕ ಕಾದು ಕೂತರು. ಸಿಂಹ ತೊಡೆಯಿಂದ ಶುರುಮಾಡಿ ಮಾಂಸವೆಲ್ಲ ಮುಗಿಸುತ್ತದೆ, ಆದರೆ ದೊಡ್ಡ ಪ್ರಾಣಿಯ ನಲ್ಲಿ ಮೂಳೆ ಒಡೆಯುವ ದವಡೆ ಅದಕ್ಕಿಲ್ಲ. ಆ ದವಡೆ ಇರುವುದು ಕತ್ತೆಕಿರುಬಕ್ಕೆ. ಬಯಲಾದರೆ ಅದು ಬೇಗ ಬಂದು ಬಿಡುತ್ತದೆ. ಹೊಳೆದಂಡೆಯ ಮರಗಳ ನಡುವೆ ತಡವಾಗುತ್ತದೆ. ಸಿಂಹ ಎದ್ದುಹೋಗಿ ಕಿರುಬ ಬರುವ ಮುಂಚಿನ ಆ ಹೊತ್ತಿನಲ್ಲಿ, ಕೈಯಲ್ಲಿ ಗುಂಡುಕಲ್ಲಿದ್ದವನಿಗೆ ನೆಣ ತುಂಬಿದ ಊಟ ಕಾದಿರುತ್ತದೆ. ಓಲ್ಡುವಾಯ್ ಮೂಳೆಗಳ ಮೇಲೆ ಹಾಗೆ ಜಜ್ಜಿದ ಗುರುತುಗಳು ಧಾರಾಳವಾಗಿವೆ. ಕಲ್ಲು ಮೊದಲು ಗೆದ್ದದ್ದು ಪ್ರಾಣಿಯನ್ನಲ್ಲ, ಮೂಳೆಯನ್ನು ಎಂದು ನನಗೆ ಅನ್ನಿಸುವುದು ಇದಕ್ಕೇ.

ಆದರೆ ಕಥೆ ಎಂಜಲಿಗೇ ನಿಲ್ಲುವುದಿಲ್ಲ. ಮ್ಯಾನುಯೆಲ್ ಡೊಮಿಂಗೆಜ್ ರೊಡ್ರಿಗೊ ಕೇಳಿದ್ದು ನಮ್ಮ ಕಸುಬಿನವರು ಕೇಳುವಂಥ ಪ್ರಶ್ನೆ: ಗೀರು ಮೂಳೆಯ ಯಾವ ಭಾಗದಲ್ಲಿದೆ? ತೊಡೆ ಮೂಳೆಯ ನಡುಭಾಗದಲ್ಲಿ ಸಿಂಹ ಮಾಂಸವನ್ನೇ ಉಳಿಸುವುದಿಲ್ಲ. ಅಲ್ಲೇ ಗೀರುಗಳಿದ್ದರೆ, ಕೊಯ್ದವರು ಬಂದಾಗ ಮಾಂಸ ತುಂಬಿತ್ತು. ಅವರೇ ಕೆಡವಿದ್ದರು, ಇಲ್ಲವೇ ಕೆಡವಿದವರನ್ನು ಬೇಗ ಓಡಿಸಿದ್ದರು. ಕೆನ್ಯಾದ ಕಂಜೆರಾದಲ್ಲಿ, 20 ಲಕ್ಷ ವರ್ಷಗಳ ಹಿಂದೆ, ಎರಡೂ ಒಟ್ಟಿಗೆ ಕಾಣುತ್ತವೆ: ಸಣ್ಣ ಜಿಂಕೆಯಂಥವು ಇಡಿಯಾಗಿ ಬಂದಿವೆ, ದೊಡ್ಡ ಪ್ರಾಣಿಗಳ ತಲೆಗಳು ಮಾತ್ರ ಲೆಕ್ಕಕ್ಕಿಂತ ಹೆಚ್ಚಿವೆ. ಬೇರೆಯವರು ಬಿಟ್ಟುಹೋದ ಬುರುಡೆಯೊಳಗೆ ಮಿದುಳು ಉಳಿದಿರುತ್ತದಲ್ಲ.

ಬೇಟೆಯಾಡಿದವನು, ಕಸಿದು ತಿಂದವನು ಎಂದು ಎರಡು ಜಾತಿ ಮಾಡುವುದು ನಮ್ಮ ಹುಚ್ಚು. ಆತಕೂರಿನಲ್ಲಿ ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಲ್ಲಿಸಿದ ನಾಡು ಇದು. ಬೇಟೆಗೆ ಇರುವ ಮರ್ಯಾದೆ ಎಂಜಲಿಗೆ ಎಲ್ಲಿಂದ ಬರಬೇಕು? ಹಸಿದವರು ಹಾಗೆ ಲೆಕ್ಕ ಹಾಕುವುದಿಲ್ಲ. ಟಾಂಜಾನಿಯಾದ ಹಡ್ಜಾ ಜನ ಬಿಲ್ಲು ಹಿಡಿದು ಬೇಟೆಯಾಡುವವರು. ಸಿಂಹ ಕೆಡವಿದ್ದು ಕಂಡರೆ ಅದನ್ನೂ ಓಡಿಸಿ ಮಾಂಸ ತರುತ್ತಾರೆ. ನೀಲಗಿರಿ ಸುತ್ತಿನ ಕಾಡುಗಳಲ್ಲಿ ಸೀಳುನಾಯಿಗಳ ಬೇಟೆಯನ್ನು ಕುರುಬರು ಕಸಿದುಕೊಳ್ಳುತ್ತಿದ್ದುದೂ ದಾಖಲಾಗಿದೆ.

ಸರದಿ ಬದಲಾದ ಗುರುತು ಜರ್ಮನಿಯ ಶೋನಿಂಗನ್‌ನಲ್ಲಿದೆ. 1990ರ ದಶಕದಲ್ಲಿ ಅಲ್ಲಿನ ಕಲ್ಲಿದ್ದಲ ಗಣಿಯಲ್ಲಿ ಹಾರ್ಟ್‌ಮುಟ್ ಥೀಮೆ ಮರದ ಈಟಿಗಳನ್ನು ಕಂಡರು. ಅವುಗಳ ವಯಸ್ಸು 2ರಿಂದ 3 ಲಕ್ಷ ವರ್ಷ. ಸುತ್ತ ಬಿದ್ದದ್ದು ಕುದುರೆ ಮೂಳೆ. ಕತ್ತಿಹಲ್ಲಿನ ಬೆಕ್ಕು ಹೋಮೊಥೀರಿಯಂನ ಒಂದು ಮುಂಗಾಲ ಮೂಳೆಯೂ ಸಿಕ್ಕಿತು. ಅದನ್ನು ಕಲ್ಲು ಹದಮಾಡುವ ಸುತ್ತಿಗೆಯಾಗಿ ಬಳಸಿದ್ದರು. ಕುದುರೆ ಮೂಳೆಗಳಲ್ಲಿ ಕಲ್ಲಿನ ಗೀರಿನ ಮೇಲೆ ಹಲ್ಲಿನ ಗುರುತು ಬಿದ್ದಿದೆ. ಉಳಿದದ್ದಕ್ಕೆ ಕಾಯುವ ಪಾಳಿ ಅಷ್ಟು ಹೊತ್ತಿಗೆ ಮೃಗಗಳದ್ದಾಗಿತ್ತು.