ಕೀವುಗಟ್ಟಿದ ಕುರು ಕೊಯ್ಸಿದ ಬಳಿಕ ಮನೆಯಲ್ಲಿ ಗಾಯದ ಆರೈಕೆ

ಅಲಂಪುರದ ಕನ್ನಡ ಕುಟುಂಬಗಳು ಚಿಕಿತ್ಸೆಗಾಗಿ ಗದ್ವಾಲಕ್ಕೋ, ತುಂಗಭದ್ರೆಯ ಆಚೆಯ ಕರ್ನೂಲಿಗೋ, ಗಡಿ ದಾಟಿ ರಾಯಚೂರಿಗೋ ಹೋಗುವುದುಂಟು. ಕುರು ಕೊಯ್ದು ಕೀವು ತೆಗೆದ ಬಳಿಕ ರೋಗಿಯನ್ನು ಅನೇಕ ವೇಳೆ ಅದೇ ದಿನ ಮನೆಗೆ ಕಳುಹಿಸುತ್ತಾರೆ. ಮುಂದಿನ ಆರೈಕೆ ಮನೆಯವರ ಹೊಣೆ. ಆದರೆ ಚೀಟಿ ಇಂಗ್ಲಿಷಿನಲ್ಲಿದ್ದು, ಹೇಳಿದ ಮಾತು ತೆಲುಗಿನಲ್ಲಿದ್ದರೆ, ಗಾಯ ತೊಳೆಯುವ ತಾಯಿಗೆ ಅದು ಪೂರ್ತಿ ತಲುಪುವುದಿಲ್ಲ. ಅದಕ್ಕಾಗಿ ಸಾಮಾನ್ಯ ಕ್ರಮವನ್ನು ಕನ್ನಡದಲ್ಲಿ ಕೊಡುತ್ತಿದ್ದೇವೆ. ನಿಮ್ಮ ವೈದ್ಯರು ಬೇರೆ ರೀತಿ ಹೇಳಿದ್ದರೆ ಅದನ್ನೇ ಪಾಲಿಸಿರಿ.

ಹೊಲಿಗೆ ಏಕೆ ಹಾಕುವುದಿಲ್ಲ?

ಪಾಲಕರು ನಮ್ಮಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಗಾಯದ ಬಾಯಿ ಮೊದಲು ಮುಚ್ಚಿಕೊಂಡರೆ ಒಳಗೆ ಮತ್ತೆ ಕೀವು ತುಂಬುತ್ತದೆ. ಗಾಯ ತಳದಿಂದ ಮೇಲಕ್ಕೆ ಮಾಯಬೇಕೆಂದೇ ಅದನ್ನು ತೆರೆದಿಡುತ್ತಾರೆ. ಕೆಲವೊಮ್ಮೆ ಒಳಗೆ ಗಾಜ್ ಬಟ್ಟೆಯ ಬತ್ತಿ ಇಡುತ್ತಾರೆ. ಅದನ್ನು ತೆಗೆಯಲು ಅಥವಾ ಬದಲಿಸಲು ಹೇಳಿದ ದಿನವನ್ನು ತಪ್ಪಿಸಬಾರದು. ಮೊದಲ ಕೆಲವು ದಿನ ಸ್ವಲ್ಪ ರಕ್ತಮಿಶ್ರಿತ ನೀರು ಒಸರುವುದು ಸಹಜ. ಸಣ್ಣ ಗಾಯ ಒಂದೆರಡು ವಾರಗಳಲ್ಲಿ ಮಾಯಬಹುದು. ಆಳವಾದುದಕ್ಕೆ ಹೆಚ್ಚು ಕಾಲ ಬೇಕು.

ಪಟ್ಟಿ ಬದಲಿಸುವ ಕ್ರಮ

1. ಮೊದಲೂ ಕೊನೆಯಲ್ಲೂ ಸಾಬೂನಿನಿಂದ ಕೈ ತೊಳೆಯಿರಿ.
2. ಹಳೆಯ ಪಟ್ಟಿ ಅಂಟಿಕೊಂಡಿದ್ದರೆ ಕುದಿಸಿ ಆರಿಸಿದ ನೀರಿನಿಂದ ನೆನೆಸಿ ಮೆಲ್ಲನೆ ಬಿಡಿಸಿರಿ.
3. ಅದೇ ನೀರಿನಿಂದ ಅಥವಾ ವೈದ್ಯರು ಕೊಟ್ಟ ಸಲೈನಿನಿಂದ ಗಾಯ ತೊಳೆಯಿರಿ. ಸುತ್ತಲಿನ ಚರ್ಮವನ್ನು ಶುದ್ಧ ಬಟ್ಟೆಯಿಂದ ಒತ್ತಿ ಒಣಗಿಸಿರಿ.
4. ಹೊಸ ಗಾಜ್ ಇಟ್ಟು ಸಡಿಲವಾಗಿ ಕಟ್ಟಿರಿ. ಸಾಮಾನ್ಯವಾಗಿ ದಿನಕ್ಕೊಮ್ಮೆ, ಪಟ್ಟಿ ತೊಯ್ದಾಗ ಕೂಡಲೇ ಬದಲಿಸಿರಿ.
5. ಹಳೆಯ ಪಟ್ಟಿಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ರೋಗಿಯ ಟವೆಲನ್ನು ಬೇರೆಯವರು ಬಳಸಬಾರದು.

ಮಾಡಬಾರದ ಕೆಲಸಗಳು

ಅರಿಶಿನ, ಸುಣ್ಣ, ಬೂದಿ, ಹೊಗೆಸೊಪ್ಪು, ಸೊಪ್ಪಿನ ರಸ ಯಾವುದನ್ನೂ ಗಾಯಕ್ಕೆ ತುಂಬಬಾರದು. ಕೀವು ಹಿಂಡಬಾರದು. ಗಾಯ ಮಾಯುವವರೆಗೆ ಹೊಳೆಯಲ್ಲಿ ಮುಳುಗುವ ಸ್ನಾನ ಬೇಡ. ಬರೆದುಕೊಟ್ಟ ಮಾತ್ರೆಗಳನ್ನು ನೋವು ಇಳಿಯಿತೆಂದು ನಡುವೆ ನಿಲ್ಲಿಸಬಾರದು. ನಂಜೆಂದು ಮೊಟ್ಟೆ, ಬೇಳೆಗಳನ್ನು ಬಿಡಿಸುವ ರೂಢಿ ನಮ್ಮಲ್ಲಿದೆ. ಗಾಯ ಮಾಯಲು ಬೇಕಾದ ಪ್ರೋಟೀನ್ ಅವುಗಳಲ್ಲಿಯೇ ಇದೆ.

ತಡಮಾಡದೆ ಆಸ್ಪತ್ರೆಗೆ ಮರಳಬೇಕಾದ ಲಕ್ಷಣಗಳು

ಜ್ವರ, ಚಳಿ, ದಿನದಿಂದ ದಿನಕ್ಕೆ ಏರುವ ನೋವು ಅಥವಾ ಬಾವು, ಹರಡುವ ಕೆಂಪು, ಗಾಯದಿಂದ ಮೇಲಕ್ಕೆ ಹೋಗುವ ಕೆಂಪು ಗೆರೆ, ಮತ್ತೆ ಕೀವು, ದುರ್ವಾಸನೆ, 10 ನಿಮಿಷ ಒತ್ತಿ ಹಿಡಿದರೂ ನಿಲ್ಲದ ರಕ್ತ. ರೋಗಿ ಮಂಕಾದರೆ ಅಥವಾ ಉಸಿರು ಏರಿದರೆ 108ಕ್ಕೆ ಕರೆಮಾಡಿರಿ. ಸಕ್ಕರೆ ಕಾಯಿಲೆಯವರು ಸಕ್ಕರೆಯನ್ನು ಹತೋಟಿಯಲ್ಲಿಡಬೇಕು. ಪದೇ ಪದೇ ಕುರು ಏಳುವವರು ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು.

ಕೇಳಿಬರುವ ತೆಲುಗು ಮಾತುಗಳು

ಗಡ್ಡ ಎಂದರೆ ಕುರು. ಚೀಮು ಎಂದರೆ ಕೀವು. ವಾಪು ಎಂದರೆ ಬಾವು. ನೊಪ್ಪಿ ಎಂದರೆ ನೋವು. ರೇಪು ಎಂದರೆ ನಾಳೆ. ಎಲ್ಲುಂಡಿ ಎಂದರೆ ನಾಡಿದ್ದು. ‘ತಡಪವದ್ದು’ ಎಂದರೆ ತಡಮಾಡಬೇಡಿ ಎಂದಲ್ಲ, ಒದ್ದೆ ಮಾಡಬೇಡಿ ಎಂದು. ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಲು ಸಂಕೋಚಪಡಬಾರದು. ಆಸ್ಪತ್ರೆ ಬಿಡುವ ಮುನ್ನ ಮೂರು ಸಂಗತಿಗಳನ್ನು ಕನ್ನಡದಲ್ಲಿ ಬರೆದುಕೊಳ್ಳಿರಿ: ಪಟ್ಟಿ ಯಾವಾಗ ಬದಲಿಸಬೇಕು, ಮಾತ್ರೆ ಎಷ್ಟು ದಿನ, ಮತ್ತೆ ಯಾವ ದಿನ ಬರಬೇಕು.

ಮನೆಯಲ್ಲಿ ಓದಲು ಬಾರದ ಹಿರಿಯರಿದ್ದರೆ, ನಮ್ಮ ಶಾಲೆಗಳ ಮಕ್ಕಳು ಈ ಬರಹವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಲಿ ಎಂದು ಕೋರುತ್ತೇವೆ.