ಅರ್ಜಿ ಫಾರಂನಿಂದ ಆನ್‌ಲೈನಿನವರೆಗೆ: ಸಣ್ಣ ಉದ್ಯೋಗದ ಕಾಗದಪತ್ರ ನಡೆದು ಬಂದ ದಾರಿ



ರಜತ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಅಧ್ಯಕ್ಷರು ಹೇಳಿದಾಗ ಹಿಂದೆ ಮುಂದೆ ನೋಡಿದೆ. ಎಸ್.ಎಸ್.ಎಲ್.ಸಿ. ಓದಿದ ಒಕ್ಕಲುತನದ ಮನುಷ್ಯ ನಾನು. ಕೂರಿಗೆ ಹಿಡಿದ ಕೈಗೆ ಪೆನ್ನು ಭಾರವೇ. ಆದರೂ ನಮ್ಮ ಮನೆಗೆ ಬಿದ್ದ ಒಂದು ಪೆಟ್ಟು ಇನ್ನೊಬ್ಬರ ಮನೆಗೆ ಬೀಳಬಾರದೆಂದು ಬರೆಯಲು ಕುಳಿತಿದ್ದೇನೆ.

ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದ್ದು ಎಲ್ಲರಿಗೂ ಗೊತ್ತು. ಸರಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಮಾಡಿದ್ದು 1904ರಲ್ಲಿ. ಅಂದರೆ ಕಾಯ್ದೆ ಬಂದ ಮರುವರ್ಷವೇ ಹಳ್ಳಿಯ ಹಿರಿಯರು ಅದನ್ನು ತಿಳಿದುಕೊಂಡು ಊರ ಹಿತಕ್ಕೆ ಬಳಸಿದರು. ಕಾಯ್ದೆ ತಿಳಿದವನಿಗೆ ಅದು ಊರುಗೋಲು, ತಿಳಿಯದವನಿಗೆ ಅದೇ ಬಡಿಗೆ.

ಸಣ್ಣ ಉದ್ಯೋಗ ಮಾಡುವವರಿಗೆ ಮೊದಲು ಸರಕಾರದ ಬಾಗಿಲು ಬಹಳ ದೂರ ಇತ್ತು. 1978ರಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರಗಳು ಶುರುವಾದವು. ಎಲ್ಲ ಸಹಾಯವೂ ಒಂದೇ ಕಡೆ ಸಿಗಲಿ ಎಂಬುದು ಉದ್ದೇಶ. ಆದರೆ 1997ರವರೆಗೆ ಗದಗ ಜಿಲ್ಲೆಯೇ ಆಗಿರಲಿಲ್ಲ, ಧಾರವಾಡ ಜಿಲ್ಲೆಯಲ್ಲಿತ್ತು. ನಮ್ಮ ಚಿಕ್ಕಪ್ಪ ಹಿಟ್ಟಿನ ಗಿರಣಿ ಹಾಕಬೇಕೆಂದು ಬಸ್ಸು ಹತ್ತಿ ಹತ್ತಿ ಚಪ್ಪಲಿ ಸವೆಸಿದ್ದರು. ಮೊದಲು ತಾತ್ಕಾಲಿಕ ನೋಂದಣಿ, ಆಮೇಲೆ ಕಾಯಂ ನೋಂದಣಿ. ಒಂದು ಸಹಿ ಇದ್ದರೆ ಇನ್ನೊಂದು ಇಲ್ಲ. ಕಡೆಗೆ ಬೇಸತ್ತು ಎಮ್ಮೆ ಕಟ್ಟಿದರು.

1991ರಲ್ಲಿ ಕೇಂದ್ರ ಸರಕಾರ ಬಹಳಷ್ಟು ಕೈಗಾರಿಕೆಗಳಿಗೆ ಲೈಸೆನ್ಸ್ ತೆಗೆದುಹಾಕಿತು. 2006ರ ಅಕ್ಟೋಬರ್ 2ರಂದು ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆ ಜಾರಿಗೆ ಬಂತು. ಇದರಲ್ಲಿ ನಮ್ಮಂಥವರಿಗೆ ಒಂದು ಒಳ್ಳೆಯ ಮಾತಿದೆ: ನೋಂದಾಯಿಸಿದ ಸಣ್ಣ ಉದ್ಯಮದಿಂದ ಮಾಲು ತೆಗೆದುಕೊಂಡವರು ಏನೇ ಒಪ್ಪಂದ ಇದ್ದರೂ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬಡ್ಡಿ ತೆರಬೇಕು. ಅದಕ್ಕೆ ದೂರು ಕೊಡಲು 2017ರಲ್ಲಿ 'ಸಮಾಧಾನ್' ಎಂಬ ಆನ್‌ಲೈನ್ ವ್ಯವಸ್ಥೆಯೂ ಬಂತು.

2015ರಲ್ಲಿ 'ಉದ್ಯೋಗ್ ಆಧಾರ್' ಎಂದು ಒಂದೇ ಪುಟದ ಅರ್ಜಿ ಕಂಪ್ಯೂಟರಿನಲ್ಲಿ ಬಂತು. 2020ರ ಜುಲೈ 1ರಿಂದ ಅದರ ಜಾಗದಲ್ಲಿ 'ಉದ್ಯಮ್' ನೋಂದಣಿ ಬಂದಿದೆ. ಇದಕ್ಕೆ ಕಾಗದ ಲಗತ್ತಿಸುವುದಿಲ್ಲ. ಆಧಾರ್ ಮತ್ತು ಪ್ಯಾನ್ ನಂಬರ್ ಇದ್ದು, ನಮ್ಮ ವಿವರ ನಾವೇ ಹೇಳಿದರೆ ಸಾಕು. ಮುಖ್ಯವಾಗಿ, ಶುಲ್ಕ ಒಂದು ಪೈಸೆಯೂ ಇಲ್ಲ. ಪ್ಯಾನ್, ಜಿ.ಎಸ್.ಟಿ. ಇಲ್ಲದ ತೀರ ಸಣ್ಣವರಿಗಾಗಿ 2023ರಲ್ಲಿ 'ಉದ್ಯಮ್ ಅಸಿಸ್ಟ್' ಎಂಬುದನ್ನೂ ತೆರೆದರು.

ಈಗ ನಮ್ಮ ಮನೆಯ ಕಥೆ. 2021ರಲ್ಲಿ ನನ್ನ ತಮ್ಮನ ಹೆಂಡತಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಕೊಡಲು ಶುರುಮಾಡಿದಳು. ಅಂಗಡಿಯವರು "ಪಾಕೀಟಿನ ಮ್ಯಾಲೆ ಆಹಾರ ಇಲಾಖೆ ನಂಬರ್ ಬೇಕ್ರಿ" ಅಂದರು. ನಾನು ದೊಡ್ಡ ಮನುಷ್ಯನಂತೆ ಮುಂದೆ ಬಿದ್ದು ಪೇಟೆಯಲ್ಲಿ ಒಬ್ಬರ ಹತ್ತಿರ ಹೋದೆ. 4,000 ರೂಪಾಯಿ ತಗೊಂಡು ಎರಡು ದಿನದಲ್ಲಿ ಸರ್ಟಿಫಿಕೇಟ್ ಕೊಟ್ಟರು. ಲ್ಯಾಮಿನೇಶನ್ ಮಾಡಿಸಿ, 600 ರೊಟ್ಟಿ ಕಟ್ಟಿಕೊಂಡು ಹೋದೆವು. ಅಂಗಡಿಯವರು ನೋಡಿ, "ಇದು ಉದ್ಯಮ್ ಐತ್ರಿ. ನಾ ಕೇಳಿದ್ದು ಇದಲ್ಲ" ಅಂದರು. ರೊಟ್ಟಿ ಮನೆಗೆ ವಾಪಸ್ಸು ಬಂದವು. ಅವಳು ಒಂದು ಮಾತೂ ಆಡಲಿಲ್ಲ; ಅದೇ ನನಗೆ ಹೆಚ್ಚು ನೋವಾಯಿತು. ಪುಕ್ಕಟೆ ಸಿಗುವುದಕ್ಕೆ 4,000 ಕೊಟ್ಟಿದ್ದೆ, ಅದೂ ಬೇಡದ ಕಾಗದಕ್ಕೆ!

ಆಮೇಲೆ ತಿಳಿಯಿತು. ಉದ್ಯಮ್ ಎಂದರೆ ಗುರುತಿನ ಚೀಟಿ ಇದ್ದಂತೆ, ಲೈಸೆನ್ಸ್ ಅಲ್ಲ. ತಿನ್ನುವ ಪದಾರ್ಥಕ್ಕೆ 2006ರ ಆಹಾರ ಸುರಕ್ಷತೆ ಕಾಯ್ದೆ ಬೇರೆ ಇದೆ. ಅದರ ನೋಂದಣಿ 2011ರ ಆಗಸ್ಟಿನಿಂದ ಜಾರಿಯಲ್ಲಿದೆ. ಅದರ ಅರ್ಜಿ 'ಫೋಸ್ಕಾಸ್' ಎಂಬ ಆನ್‌ಲೈನ್ ತಾಣದಲ್ಲಿ ಹಾಕಬೇಕು. ನಾವು ಹಾಕಿದಾಗ ಸಣ್ಣ ತಯಾರಕರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು. ಪಕ್ಕದ ಮನೆಯ ಡಿಗ್ರಿ ಓದುವ ಹುಡುಗಿ ಫೋನಿನಲ್ಲೇ ತುಂಬಿಕೊಟ್ಟಳು. 14 ಅಂಕಿಯ ನಂಬರ್ ಬಂತು, ರೊಟ್ಟಿ ಮತ್ತೆ ಹುಬ್ಬಳ್ಳಿಗೆ ಹೋದವು.

ಆದುದರಿಂದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. ಯಾವ ಕಾಗದ ಯಾವುದಕ್ಕೆ ಎಂದು ಮೊದಲು ಕೇಳಿರಿ. ಕಂಪ್ಯೂಟರಿನಲ್ಲಿ ಸರಕಾರದ ಹೆಸರು ಹಾಕಿಕೊಂಡ ಖಾಸಗಿ ತಾಣಗಳೂ ಇವೆ. ಉದ್ಯಮ್, ಫೋಸ್ಕಾಸ್, ಜಿ.ಎಸ್.ಟಿ. ಮೂರರ ವಿಳಾಸವೂ 'ಜಿ.ಒ.ವಿ. ಡಾಟ್ ಐ.ಎನ್.' ಎಂದು ಮುಗಿಯುತ್ತದೆ; ಅದನ್ನು ನೋಡಿಯೇ ಮುಂದುವರಿಯಿರಿ. ಫೋನಿಗೆ ಬಂದ ಓ.ಟಿ.ಪಿ.ಯನ್ನು ಯಾರಿಗೂ ಸುಮ್ಮನೆ ಹೇಳಬೇಡಿರಿ.

2022ರಲ್ಲಿ ಕೇಂದ್ರ ಸರಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರ್ ಹಾಕುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2023ರಲ್ಲಿ ಇಂಥ ಸಂಘಗಳೇ ಸಾಮಾನ್ಯ ಸೇವಾ ಕೇಂದ್ರದ ಕೆಲಸವನ್ನೂ ಮಾಡಬಹುದೆಂದು ಒಪ್ಪಂದವಾಯಿತು. ಹೀಗಿರುವಾಗ ನಮ್ಮ ಸಂಘದಲ್ಲಿ ವಾರಕ್ಕೊಂದು ದಿನ, ಸಂತೆಯ ದಿನವೇ ಆಗಲಿ, ಓದಿದ ಇಬ್ಬರು ಮಕ್ಕಳನ್ನು ಕೂಡಿಸಿ ಇಂಥ ಅರ್ಜಿಗಳನ್ನು ತುಂಬಿಸಿಕೊಡಬಾರದೇಕೆ? ಮುಂದಿನ ಸಭೆಯಲ್ಲಿ ಈ ಠರಾವು ನಾನೇ ಮಂಡಿಸುವವನಿದ್ದೇನೆ. ತಮ್ಮೆಲ್ಲರ ಬೆಂಬಲ ಇರಲಿ.

ಕಣಗಿನಹಾಳದ ಹಿರಿಯರು ಕಾಯ್ದೆ ತಿಳಿಯಲು ಒಂದೇ ವರ್ಷ ತಗೊಂಡರು. ನಾವು ಅವರಿಗಿಂತ ಹಿಂದೆ ಬೀಳುವುದು ಬೇಡ.

ಜೈ ಸಹಕಾರ.